ಎತ್ತರದ ಕಟ್ಟಡಗಳೂ ವಿಜಯಪುರದ ಬಿಸಿಲೂ

ಚೈತ್ರ-ವೈಶಾಖಗಳ ಬಿಸಿಲು ವಿಜಯಪುರದವರಿಗೆ ಹೊಸದಲ್ಲ. ಉಷ್ಣತೆಯು 40 ಅಂಶಗಳ ಸುತ್ತ ಸುಳಿಯತೊಡಗಿತೆಂದರೆ ಪೇಟೆಯ ಅಂಗಡಿಕಾರನು ಬಾಗಿಲಿಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸುವದನ್ನೂ, ಮಧ್ಯಾಹ್ನದ ಎರಡು-ಮೂರು ತಾಸು ಬೀದಿಗಳು ಬರಿದಾಗಿ ಬೀಳುವದನ್ನೂ ನಾವು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇವೆ. ಬಿಸಿಲು ಅದೇ ಇದೆ. ಕಟ್ಟಡಗಳು ಮಾತ್ರ ಬದಲಾಗಿವೆ. ಹೇಗೆ ಬದಲಾಗಿವೆ, ಆ ಬದಲಾವಣೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ನಮ್ಮ ವಾಚಕರ, ವಿಶೇಷವಾಗಿ ಅಧಿಕಾರಿ ವರ್ಗದ, ಗಮನಕ್ಕೆ ತರಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಕೆಲಸದ ನಿಮಿತ್ತ ನಾವು ಇದೇ ಊರಿನ ಒಂದು ಹೊಸ ಕಚೇರಿಗೆ ಹೋಗಿದ್ದೆವು. ಹಲವು ಅಂತಸ್ತಿನ ಕಟ್ಟಡ. ರಸ್ತೆಗೆ ಮುಖಮಾಡಿದ ಪಶ್ಚಿಮದ ಮೈಯೆಲ್ಲ ಗಾಜು. ಮಧ್ಯಾಹ್ನದ ನಾಲ್ಕು ತಾಸಿನ ಸುಮಾರಿಗೆ ಒಳಗೆ ಕಾಲಿಟ್ಟು ನೋಡಿದರೆ ಗಾಜಿಗೆಲ್ಲ ಪರದೆ ಎಳೆದಿತ್ತು. ಪರದೆ ಎಳೆದುದರಿಂದ ಕತ್ತಲೆ. ಕತ್ತಲೆಯಾದುದರಿಂದ ಸಾಲು ಸಾಲು ದೀಪ. ದೀಪದ ಮತ್ತು ಬಿಸಿಲಿನ ಕಾವು ತಡೆಯಲಾರದೆ ನಾಲ್ಕು ಮೂಲೆಗಳಲ್ಲಿ ತಂಪುಯಂತ್ರಗಳ ಗರ್ಜನೆ. ಇಷ್ಟಾದರೂ ಕಿಡಕಿಯ ಪಕ್ಕದ ಗುಮಾಸ್ತರು ಬೆವರು ಒರೆಸಿಕೊಳ್ಳುತ್ತಲೇ ಇದ್ದರು. ಪರದೆ ಸಾಲದ ಕಡೆಗೆ ಅವರು ಗಾಜಿಗೆ ಹಳೆಯ ವೃತ್ತಪತ್ರಗಳನ್ನು ಅಂಟಿಸಿದ್ದರು. ಅವುಗಳಲ್ಲಿ ನಮ್ಮ ಪತ್ರಿಕೆಯೂ ಇದ್ದುದನ್ನು ಕಂಡು ನಮಗೆ ನಗೆಯೂ ಬಂತು, ನಾಚಿಕೆಯೂ ಆಯಿತು. ಬೆಳಕಿಗೆಂದು ಗಾಜು ಹಾಕಿ, ಗಾಜಿಗೆ ಪರದೆ ಹಾಕಿ, ಪರದೆಯಿಂದಾದ ಕತ್ತಲೆಗೆ ದೀಪ ಹಚ್ಚಿ, ಈ ಮೂರಕ್ಕೂ ಹಣ ಕೊಡುವ ಬುದ್ಧಿವಂತಿಕೆಯನ್ನು ಏನೆನ್ನಬೇಕು?

ಕಾಯಿದೆ ಏನು ಹೇಳುತ್ತದೆ?

ಇಂಥ ಕಟ್ಟಡವನ್ನು ತಡೆಯಲಿಕ್ಕೆ ಕಾಯಿದೆ ಇಲ್ಲವೆ? ಇದೆ. 1973ರಲ್ಲಿ ಅರಬ ರಾಷ್ಟ್ರಗಳು ತೈಲವನ್ನು ಬಿಗಿಹಿಡಿದಾಗ ಪಾಶ್ಚಾತ್ಯ ದೇಶಗಳು ತಮ್ಮ ಕಟ್ಟಡಗಳು ಎಷ್ಟು ಶಕ್ತಿಯನ್ನು ನುಂಗುತ್ತಿವೆಯೆಂಬುದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿ ನಿಯಮಗಳನ್ನು ಮಾಡಿದವು. ನಮ್ಮ ಪಾರ್ಲಿಮೆಂಟು 2001ರಲ್ಲಿ ಶಕ್ತಿ ಸಂರಕ್ಷಣ ಕಾಯಿದೆಯನ್ನು ಅಂಗೀಕರಿಸಿತು. ಅದರ ಮೇರೆಗೆ 2002ರಲ್ಲಿ ಶಕ್ತಿ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ವ್ಯಾಪಾರ ಹಾಗೂ ಕಚೇರಿಯ ಕಟ್ಟಡಗಳಿಗಾಗಿ ಶಕ್ತಿ ಸಂರಕ್ಷಣ ಕಟ್ಟಡ ಸಂಹಿತೆಯು 2007ರಲ್ಲಿ ಹೊರಟು, 2017ರಲ್ಲಿ ತಿದ್ದಲ್ಪಟ್ಟಿತು. ವಾಸದ ಮನೆಗಳಿಗಾಗಿ 2018ರ ಡಿಸೆಂಬರದಲ್ಲಿ 'ಇಕೋ-ನಿವಾಸ ಸಂಹಿತೆ' ಬಂತು. ಮೂಲ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು 2023ರ ಜನವರಿ 1ರಿಂದ ಜಾರಿಗೆ ಬಂದು, ದೊಡ್ಡ ವಸತಿ ಕಟ್ಟಡಗಳನ್ನೂ ಕಾಯಿದೆಯ ಕಕ್ಷೆಯೊಳಗೆ ತಂದಿತು. 2024ರಲ್ಲಿ ಎರಡೂ ಸಂಹಿತೆಗಳು ಪುನಃ ಪರಿಷ್ಕೃತವಾಗಿವೆ.

ಯಾವ ಕಟ್ಟಡಕ್ಕೆ ಇದು ಅನ್ವಯಿಸುವದು? ವಿದ್ಯುತ್ತಿನ ಜೋಡಿತ ಭಾರ 100 ಕಿಲೋವ್ಯಾಟು, ಇಲ್ಲವೆ ಕರಾರಿನ ಬೇಡಿಕೆ 120 ಕೆ.ವಿ.ಎ. ಇದ್ದರೆ ಆ ಕಟ್ಟಡವು ಸಂಹಿತೆಗೆ ಒಳಪಡುತ್ತದೆ. ಈ ಮಿತಿಯನ್ನು ರಾಜ್ಯ ಸರಕಾರವು ಬೇಕಾದರೆ ಇನ್ನೂ ಇಳಿಸಬಹುದು. "ನಮ್ಮ ಊರಲ್ಲಿ ಅಂಥ ಕಟ್ಟಡಗಳೆಲ್ಲಿವೆ? ಅದು ಬೆಂಗಳೂರಿನ ಮಾತು" ಎನ್ನುವವರು ತುಸು ಲೆಕ್ಕ ಮಾಡಿ ನೋಡಲಿ. 40 ಮನೆಗಳ ಒಂದು ವಸತಿ ಕಟ್ಟಡದಲ್ಲಿ ಮನೆಗೆ 3 ಕಿಲೋವ್ಯಾಟು ಹಿಡಿದರೂ 120 ಆಯಿತು. ನಾಲ್ಕಾರು ಅಂತಸ್ತಿನ ಆಸ್ಪತ್ರೆ, ವಿದ್ಯಾರ್ಥಿಗಳ ದೊಡ್ಡ ವಸತಿಗೃಹ, ಬಟ್ಟೆಯ ಮಳಿಗೆ, ಮಂಗಲ ಕಾರ್ಯಾಲಯ ಇವೆಲ್ಲ ಆ ಮೇರೆಯನ್ನು ಸುಲಭವಾಗಿ ದಾಟಬಲ್ಲವು. ಇಂಥವು ಸೋಲಾಪುರ ರಸ್ತೆಯಲ್ಲಾಗಲಿ ಬಾಗಲಕೋಟೆ ರಸ್ತೆಯಲ್ಲಾಗಲಿ ಏಳುವದನ್ನು ತಡೆಯುವವರು ಯಾರೂ ಇಲ್ಲ. ತಡೆಯಬೇಕೆಂದು ನಾವು ಹೇಳುವದೂ ಇಲ್ಲ. ಊರು ಬೆಳೆಯಲಿ, ಎತ್ತರವಾಗಿಯೇ ಬೆಳೆಯಲಿ. ಹೇಗೆ ಬೆಳೆಯಬೇಕೆಂಬುದೊಂದೇ ಪ್ರಶ್ನೆ.

ಗೋಡೆ, ಮೇಲ್ಛಾವಣಿ, ಕಿಡಕಿ, ಬಾಗಿಲು ಇವೆಲ್ಲ ಕೂಡಿ ಕಟ್ಟಡದ ಹೊರಮೈ. ಮನುಷ್ಯನಿಗೆ ಅರಿವೆ ಹೇಗೋ ಕಟ್ಟಡಕ್ಕೆ ಹೊರಮೈ ಹಾಗೆ. ಸಂಹಿತೆಯು ದೀಪ, ತಂಪುಯಂತ್ರ, ಪಂಪು ಮೊದಲಾದವುಗಳ ವಿಷಯವನ್ನೂ ಹೇಳುತ್ತದೆಯಾದರೂ ಅದರ ಅಡಿಪಾಯ ಹೊರಮೈಯಲ್ಲಿದೆ. ಏಕೆಂದರೆ ಯಂತ್ರವನ್ನು ಹತ್ತು ವರುಷಕ್ಕೊಮ್ಮೆ ಬದಲಿಸಬಹುದು, ಗೋಡೆಯನ್ನು ಐವತ್ತು ವರುಷ ಬದಲಿಸುವವರಿಲ್ಲ. ಇಂದು ನಕ್ಷೆಯಲ್ಲಾದ ತಪ್ಪಿಗೆ ನಮ್ಮ ಮೊಮ್ಮಕ್ಕಳು ಪ್ರತಿ ತಿಂಗಳೂ ವಿದ್ಯುತ್ತಿನ ಬಿಲ್ಲಿನಲ್ಲಿ ದಂಡ ತೆರಬೇಕಾಗುವದು.

ಕಲ್ಲಿನ ಗೋಡೆ, ಕಾಂಕ್ರೀಟಿನ ಗೋಡೆ

ಗೋಡೆಯ ಗುಣವನ್ನು ಅಳೆಯಲು ಶಾಸ್ತ್ರಜ್ಞರು ಬಳಸುವ ಅಂಕಿಗೆ ಯು-ಮೌಲ್ಯವೆಂದು ಹೆಸರು. ಒಳಗೂ ಹೊರಗೂ ಒಂದು ಅಂಶದ ಅಂತರವಿದ್ದಾಗ ಒಂದು ಚೌರಸ ಮೀಟರಿನಷ್ಟು ಗೋಡೆಯೊಳಗಿಂದ ಎಷ್ಟು ವ್ಯಾಟು ಉಷ್ಣ ಹಾಯುವದೆಂಬುದೇ ಈ ಅಂಕಿ. ಅಂಕಿ ಸಣ್ಣದಾದಷ್ಟೂ ಗೋಡೆ ಒಳ್ಳೆಯದು. ಎರಡೂ ಕಡೆಗೆ ಗಿಲಾಯಿ ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಗೆ ಇದು ಸುಮಾರು 2. ಆರು ಅಂಗುಲದ ಬರಿಯ ಕಾಂಕ್ರೀಟು ಸ್ಲ್ಯಾಬಿಗೆ ಸುಮಾರು 3.7. 2017ರ ಸಂಹಿತೆಯು ಬಿಸಿನಾಡಿನ ದೊಡ್ಡ ಕಚೇರಿಗಳಿಗೆ ಗೋಡೆಯಲ್ಲಿ 0.40ಕ್ಕೂ, ಮೇಲ್ಛಾವಣಿಯಲ್ಲಿ 0.33ಕ್ಕೂ ಮಿಕ್ಕಿರಕೂಡದೆಂದು ವಿಧಿಸಿತು. ಅಂದರೆ ನಾವು ದಿನನಿತ್ಯ ಹಾಕುತ್ತಿರುವ ಬರಿಯ ಸ್ಲ್ಯಾಬಿನಿಂದ ಸಂಹಿತೆ ಒಪ್ಪುವದಕ್ಕಿಂತ ಹನ್ನೊಂದು ಪಟ್ಟು ಉಷ್ಣ ಕೆಳಗಿಳಿಯುತ್ತದೆ! ವಾಸದ ಮನೆಗಳಿಗೆ 2018ರ ಸಂಹಿತೆಯು ಸಡಿಲವಾಗಿ, ಮೇಲ್ಛಾವಣಿಗೆ 1.2ರ ಮಿತಿಯನ್ನಿಟ್ಟಿತು, ಬರಿಯ ಸ್ಲ್ಯಾಬು ಅದನ್ನೂ ಮುಟ್ಟಲಾರದು.

ಈಗ ನಮ್ಮ ಗೋಳಗುಮ್ಮಟದ ಕಡೆಗೆ ತಿರುಗೋಣ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಈ ಸಮಾಧಿಯ ಗೋಡೆಗಳ ದಪ್ಪ ಸುಮಾರು ಹತ್ತು ಅಡಿ. ಕಲ್ಲು ಉಷ್ಣವನ್ನು ಸಾಗಿಸುವ ಪ್ರಮಾಣವನ್ನು ಹಿಡಿದು ನಾವೇ ಲೆಕ್ಕ ಹಾಕಿ ನೋಡಲು ಆ ಗೋಡೆಯ ಯು-ಮೌಲ್ಯ ಸುಮಾರು 0.5 ಬಂತು. ಎಂದರೆ ಮೂರೂವರೆ ಶತಮಾನಗಳಿಗೂ ಹಿಂದಿನ ಗೋಡೆಯು ಇಂದಿನ ಸಂಹಿತೆಯ ಹತ್ತಿರಕ್ಕೆ ಬಂದು ನಿಂತಿದೆ, ನಿನ್ನೆ ಕಟ್ಟಿದ ಗೋಡೆ ಎಷ್ಟೋ ದೂರ ಉಳಿದಿದೆ. ಇಬ್ರಾಹೀಮ ರೋಜಾವನ್ನು ನೋಡಿರಿ: ಸುತ್ತಲೂ ಕಮಾನುಗಳ ಪಡಸಾಲೆ, ಮುಂದೆ ಚಾಚಿದ ಆಳವಾದ ಛಜ್ಜಾ, ಕಿಡಕಿಗಳಿಗೆ ಅಕ್ಷರಗಳನ್ನೇ ಕೊರೆದ ಕಲ್ಲಿನ ಜಾಳಂಧ್ರ. ಗಾಳಿ ಬೆಳಕುಗಳಿಗೆ ದಾರಿಯಿದೆ, ನೇರ ಬಿಸಿಲಿಗೆ ದಾರಿಯಿಲ್ಲ. ಎತ್ತರದ ಕಟ್ಟಡವೂ ಈ ಊರಿಗೆ ಹೊಸದಲ್ಲ. ಎರಡನೆಯ ಇಬ್ರಾಹೀಮನ ಕಾಲದ ಸಾತ ಮಂಜಿಲಿಗೆ ಹೆಸರೇ ಹೇಳುವಂತೆ ಏಳು ಅಂತಸ್ತುಗಳಿದ್ದವು, ಮೇಲಿನ ಅಂತಸ್ತುಗಳಿಗೂ ನಳಿಗೆಗಳಿಂದ ನೀರು ಏರಿಸಿ ತೊಟ್ಟಿಗಳಲ್ಲಿ ತುಂಬಿಸುತ್ತಿದ್ದರು. ಬಿಸಿಲ ನಾಡಿನಲ್ಲಿ ಎತ್ತರಕ್ಕೆ ಕಟ್ಟುವವನು ಬಿಸಿಲನ್ನು ಮೊದಲು ನೆನೆಯಬೇಕೆಂಬ ವಿವೇಕ ಅಂದಿನ ಗೌಂಡಿಗಳಿಗಿತ್ತು.

ಹಾಗಾದರೆ ಎಲ್ಲರೂ ಹತ್ತು ಅಡಿಯ ಗೋಡೆ ಕಟ್ಟಬೇಕೆ? ಅಂಥ ಹುಚ್ಚು ಉಪದೇಶ ನಮ್ಮದಲ್ಲ. ಹಳೆಯದೆಲ್ಲ ಒಳ್ಳೆಯದೆಂಬ ಮೋಹವೂ ನಮಗಿಲ್ಲ. ಬಬಲೇಶ್ವರದ ಹಳೆಯ ಮನೆಗಳ ಎರಡು ಅಡಿಯ ಕಲ್ಲುಮಣ್ಣಿನ ಗೋಡೆಯನ್ನು ಯು-ಮೌಲ್ಯದಿಂದ ಅಳೆದರೆ ಅದು ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಗಿಂತ ಬಹಳ ಮೇಲೇನೂ ಅಲ್ಲ. ಅದರ ಗುಟ್ಟು ಬೇರೆ. ಹಗಲು ಹೀರಿದ ಕಾವು ಅಷ್ಟು ದಪ್ಪದ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿ ರಾತ್ರಿ ಬಹಳವಾಗಿರುತ್ತದೆ. ಆ ಹೊತ್ತಿಗೆ ಮನೆಯವರೆಲ್ಲ ಮೇಲ್ಮುದ್ದೆಯ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿರುತ್ತಾರೆ. ಹಗಲು ಒಳಗೆ, ಇರುಳು ಮೇಲೆ—ಮನೆಯೂ ಮನೆತನದ ರೂಢಿಯೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಐದನೆಯ ಅಂತಸ್ತಿನಲ್ಲಿ ಮೂರು ಕೋಣೆಯ ಮನೆ ಕೊಂಡವನು ಮಲಗಲು ಯಾವ ಮಾಳಿಗೆಗೆ ಹೋಗಬೇಕು? ಅವನ ತೆಳುವಾದ ಗೋಡೆ, ತೆಳುವಾದ ಸ್ಲ್ಯಾಬುಗಳು ಮಧ್ಯಾಹ್ನದ ಕಾವನ್ನು ನಾಲ್ಕೈದು ತಾಸು ತಡೆದಿಟ್ಟು, ಅವನು ಕೆಲಸದಿಂದ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಅವನ ತಲೆಯ ಮೇಲೆ ಸುರಿಯುತ್ತವೆ. ಆದುದರಿಂದ ಹೊಸ ಬಾಳ್ವೆಗೆ ಹೊಸ ಉಪಾಯವೇ ಬೇಕು. ತತ್ತ್ವ ಮಾತ್ರ ಹಳೆಯದಿರಲಿ.

ಎತ್ತರವಾದಂತೆ ಬದಲಾಗುವ ಲೆಕ್ಕ

ಒಂದಂತಸ್ತಿನ ಮನೆಗೆ ಮೇಲ್ಛಾವಣಿಯೇ ಶತ್ರು. ನಮ್ಮ ಊರು ಉತ್ತರ ಅಕ್ಷಾಂಶ 16.8ರ ಹತ್ತಿರವಿರುವದರಿಂದ ಮೇ ತಿಂಗಳ ಮೊದಲ ಪಕ್ಷದಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಕಟ್ಟಡ ಎತ್ತರವಾದಂತೆ ಮೇಲ್ಛಾವಣಿಯ ಪಾಲು ಕಡಿಮೆಯಾಗಿ ಗೋಡೆ-ಕಿಡಕಿಗಳ ಪಾಲು ಬೆಳೆಯುತ್ತದೆ. ಕೆಳಗಿನ ಅಂತಸ್ತಿಗೆ ಬೇವಿನ ಮರದ ನೆರಳು, ನೆರೆಮನೆಯ ನೆರಳು ಸಿಕ್ಕೀತು. ಆರನೆಯ ಅಂತಸ್ತಿಗೆ ಯಾರ ನೆರಳೂ ಇಲ್ಲ. ಅಲ್ಲಿ ಕಟ್ಟಡವು ತನ್ನ ನೆರಳನ್ನು ತಾನೇ ಮಾಡಿಕೊಳ್ಳಬೇಕು.

ಇದರಲ್ಲಿ ಮೊದಲನೆಯದು ದಿಕ್ಕು. ಉದ್ದನೆಯ ಮೈಗಳು ಉತ್ತರ-ದಕ್ಷಿಣಕ್ಕಿರಲಿ, ಗಿಡ್ಡ ಮೈಗಳು ಪೂರ್ವ-ಪಶ್ಚಿಮಕ್ಕಿರಲಿ. ದಕ್ಷಿಣದ ಬಿಸಿಲು ಮೇಲಿನಿಂದ ಬರುವದರಿಂದ ಎರಡು ಅಡಿಯ ಛಜ್ಜಾ ಅದನ್ನು ಬಹುಮಟ್ಟಿಗೆ ತಡೆಯಬಲ್ಲದು. ಪಶ್ಚಿಮದ ಬಿಸಿಲು ಓರೆಯಾಗಿ ಕೆಳಗಿನಿಂದ ನುಗ್ಗುವದರಿಂದ ಛಜ್ಜಾಕ್ಕೆ ಬಗ್ಗದು. ಅಲ್ಲಿ ನಿಲುವು ಹಲಗೆ, ಜಾಳಂಧ್ರ ಇವೇ ಗತಿ. ಇನ್ನೂ ಒಳ್ಳೆಯದೆಂದರೆ ಮೆಟ್ಟಿಲು, ಲಿಫ್ಟು, ಉಗ್ರಾಣ, ಸ್ನಾನಗೃಹಗಳನ್ನು ಪಶ್ಚಿಮಕ್ಕೆ ಸರಿಸಿ, ಮನುಷ್ಯರು ಕೂಡುವ ಕೋಣೆಗಳನ್ನು ಅವುಗಳ ಮರೆಯಲ್ಲಿಡುವದು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ನಕ್ಷೆ ಬರೆಯುವವನ ತಲೆಯೊಂದಿದ್ದರೆ ಸಾಕು.

ಎರಡನೆಯದು ಗಾಜು. ಪಶ್ಚಿಮಕ್ಕೆ ಹತ್ತು ಚೌರಸ ಮೀಟರಿನ ಸಾದಾ ಗಾಜು ಇದೆಯೆಂದು ತಿಳಿಯಿರಿ. ಸಾಯಂಕಾಲದ ಬಿಸಿಲು ಅದರ ಮೇಲೆ ಚೌರಸ ಮೀಟರಿಗೆ 600 ವ್ಯಾಟಿನಂತೆ ಬಿದ್ದರೆ, ಸಾದಾ ಗಾಜು ಅದರಲ್ಲಿ ನೂರಕ್ಕೆ 80 ಪಾಲನ್ನು ಒಳಗೆ ಬಿಡುವದರಿಂದ, 4,800 ವ್ಯಾಟಿನ ಒಲೆಯೊಂದನ್ನು ಕೋಣೆಯಲ್ಲಿ ಹೊತ್ತಿಸಿದಂತಾಯಿತು. ಒಂದು ಟನ್ನಿನ ತಂಪುಯಂತ್ರವು ಹೊರಹಾಕಬಲ್ಲ ಉಷ್ಣ ಸುಮಾರು 3,500 ವ್ಯಾಟು. ಅಂದರೆ ಒಂದು ಯಂತ್ರವು ಪೂರ್ತಿ ದುಡಿದರೂ ಆ ಗಾಜಿನ ಸಾಲವೇ ತೀರುವದಿಲ್ಲ, ಒಳಗಿನ ಮನುಷ್ಯರ ಮಾತು ಒತ್ತಟ್ಟಿಗಿರಲಿ. 2017ರ ಸಂಹಿತೆಯು ನಮ್ಮಂಥ ಬಿಸಿನಾಡಿನಲ್ಲಿ ಉತ್ತರ ಬಿಟ್ಟು ಉಳಿದ ದಿಕ್ಕುಗಳ ಗಾಜು ನೂರಕ್ಕೆ 27 ಪಾಲಿಗಿಂತ ಹೆಚ್ಚು ಬಿಸಿಲನ್ನು ಒಳಗೆ ಬಿಡಬಾರದೆಂದಿತು. ಆಗ ಅದೇ 4,800 ವ್ಯಾಟು 1,620ಕ್ಕೆ ಇಳಿಯುವದು. ನೇರ ವಿಧಾನದಲ್ಲಿ ಕಟ್ಟುವವರು ಗೋಡೆಯ ನೂರರಲ್ಲಿ 40 ಪಾಲಿಗಿಂತ ಹೆಚ್ಚು ಕಿಡಕಿ ಇಡಬಾರದೆಂದೂ ಅದು ವಿಧಿಸಿತು. ಬೆಳಕಿಗೆ ಅಷ್ಟು ಬೇಕಾದಷ್ಟಾಯಿತು.

ಮೂರನೆಯದು ಗೋಡೆ ಮತ್ತು ಮೇಲ್ಛಾವಣಿಗಳ ಸಾಮಗ್ರಿ. ಎತ್ತರದ ಕಟ್ಟಡದಲ್ಲಿ ಭಾರವನ್ನು ಹೊರುವದು ಕಂಬ-ತೊಲೆಗಳು. ಗೋಡೆಯು ಹಗುರವಾದಷ್ಟೂ ಒಳಿತು. ಗಾಳಿಯ ಗುಳ್ಳೆಗಳನ್ನು ತುಂಬಿ ಬೇಯಿಸಿದ ಏಎಸಿ ಬ್ಲಾಕು ಹಗುರವೂ ಹೌದು, ಎಂಟು ಅಂಗುಲ ದಪ್ಪಕ್ಕೆ ಅದರ ಯು-ಮೌಲ್ಯ ಒಂದಕ್ಕಿಂತ ಕೆಳಗಿರುವದೂ ಹೌದು. ಎರಡು ಗೋಡೆಗಳ ನಡುವೆ ಗಾಳಿಯ ಸಂದಿಯನ್ನೋ ಉಷ್ಣರೋಧಕ ಪದರವನ್ನೋ ಇಟ್ಟರೆ ಇನ್ನಷ್ಟು ಇಳಿಸಬಹುದು. ಸ್ಲ್ಯಾಬಿನ ಮೇಲೆ ರೋಧಕ ಪದರ ಹಾಸಿ, ಅದರ ಮೇಲೆ ಬಿಳಿಯ ಪಿಂಗಾಣಿ ಚೂರುಗಳನ್ನು ಜೋಡಿಸಿದರೆ ಬಿದ್ದ ಬಿಸಿಲಿನ ಬಹುಪಾಲು ಬಂದ ದಾರಿಯಿಂದಲೇ ತಿರುಗಿಹೋಗುವದು. ಸಪಾಟು ಮೇಲ್ಛಾವಣಿಯು ನೂರಕ್ಕೆ 60 ಪಾಲನ್ನಾದರೂ ಮರಳಿಸಬೇಕೆಂಬುದು 2017ರ ಸಂಹಿತೆಯ ಮಾತು. ಬಡವನ ಮನೆಗೆ ವರುಷಕ್ಕೊಮ್ಮೆ ಬಳಿದ ಸುಣ್ಣವೂ ತಕ್ಕಮಟ್ಟಿಗೆ ಇದೇ ಕೆಲಸ ಮಾಡುತ್ತದೆ.

ತಿಕೋಟಾದ ದ್ರಾಕ್ಷಿಯೂ ಬಬಲೇಶ್ವರದ ನೀರೂ

ಇದೆಲ್ಲ ಪಂಡಿತರ ವಿದ್ಯೆ, ನಮ್ಮವರಿಗೆ ತಿಳಿಯದು ಎನ್ನುವವರನ್ನು ನಾವು ಪಶ್ಚಿಮಕ್ಕೆ ತಿಕೋಟಾದ ಕಡೆಗೆ ಕರೆದೊಯ್ಯಬಯಸುತ್ತೇವೆ. ಆ ಭಾಗದ ತೋಟಗಳಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡುಗಳನ್ನು ಕಾಣದವರಿಲ್ಲ. ದ್ರಾಕ್ಷಿಗೆ ನೇರ ಬಿಸಿಲು ಬಡಿದರೆ ಬಣ್ಣ ಕೆಡುತ್ತದೆ, ಗಾಳಿ ಬಡಿಯದಿದ್ದರೆ ಕಾಯಿ ಕೆಡುತ್ತದೆ. ಆದುದರಿಂದ ಮೇಲೆ ನೆರಳು, ಪಕ್ಕಕ್ಕೆ ಬಲೆ, ಗಾಳಿ ಬರುವ ದಿಕ್ಕು ನೋಡಿ ಸಾಲು. ಒಣಗಿದ ಮೇಲೆ ಅದೇ ದ್ರಾಕ್ಷಿ ಶೀತಲಗೃಹಕ್ಕೆ ಹೋಗುತ್ತದೆ. ಶೀತಲಗೃಹದ ಧಣಿಯು ದಪ್ಪನಾದ ರೋಧಕ ಪದರವಿಲ್ಲದೆ ಒಂದು ಗೋಡೆಯನ್ನೂ ಏಳಿಸುವದಿಲ್ಲ, ಬಾಗಿಲ ಸಂದಿಯಿಂದ ತಂಪು ಸೋರಿದರೂ ಸಹಿಸುವದಿಲ್ಲ. ವಿದ್ಯುತ್ತಿನ ಬಿಲ್ಲು ಅವನದೇ ಕಿಸೆಯಿಂದ ಹೋಗುತ್ತದಲ್ಲ! ದ್ರಾಕ್ಷಿಗಾಗಿ ಇಷ್ಟು ಬಲ್ಲ ನಾವು ಮನುಷ್ಯರಿಗಾಗಿ ಏಕೆ ಮರೆಯುತ್ತೇವೆ?

ಉತ್ತರವು ಆ ಕಿಸೆಯಲ್ಲಿಯೇ ಇದೆ. ವಸತಿ ಕಟ್ಟಡವನ್ನು ಕಟ್ಟುವವನೊಬ್ಬ, ಅದರಲ್ಲಿ ಇದ್ದು ಬಿಲ್ಲು ತೆರುವವನು ಮತ್ತೊಬ್ಬ. ಒಳ್ಳೆಯ ಗೋಡೆಯ ಖರ್ಚು ಮಾರುವವನಿಗೆ, ಅದರ ಲಾಭ ಕೊಳ್ಳುವವನಿಗೆ. ಹೀಗಿರಲು ಮಾರುವವನು ಮುಂಬಾಗಿಲಿನ ಅಮೃತಶಿಲೆಗೆ ಹಣ ಸುರಿದಾನೆಯೇ ಹೊರತು ಕಣ್ಣಿಗೆ ಕಾಣದ ರೋಧಕ ಪದರಕ್ಕೆ ಸುರಿಯಲಾರ. ಅವನೊಬ್ಬನನ್ನೇ ದೂರುವದರಿಂದ ಫಲವಿಲ್ಲ; ಇಂಥ ಕಡೆಯಲ್ಲಿಯೇ ಕಾಯಿದೆಯ ಅವಶ್ಯಕತೆ.

ಕಾಯಿದೆ ಜಾರಿಯಾಗದಿದ್ದರೆ ನಷ್ಟ ಯಾರಿಗೆ? ಮೊದಲು ಆ ಕಟ್ಟಡದೊಳಗಿನವರಿಗೆ. ಅವರಲ್ಲಿಯೂ ಮೇಲಿನ ಅಂತಸ್ತಿನ ಪಶ್ಚಿಮದ ಮನೆಯನ್ನು, ಬಾಡಿಗೆ ಕಡಿಮೆಯೆಂದು, ಹಿಡಿದ ಬಡ ನೌಕರನಿಗೆ. ತಂಪುಯಂತ್ರ ಕೊಳ್ಳಲಾರದ ಅವನ ಮುದಿ ತಾಯಿತಂದೆಗಳು, ಎಳೆಗೂಸುಗಳು ಇರುಳಿಡೀ ನಿದ್ದೆಗೆಟ್ಟು ಹೊರಳುವರು. ಆಮೇಲೆ ನಷ್ಟವು ಊರನ್ನು ದಾಟಿ ಹೊಲಕ್ಕೆ ಹೋಗುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯೆಂದರೆ ಕೃಷ್ಣೆಯ ನೀರನ್ನು ವಿದ್ಯುತ್ತಿನ ಬಲದಿಂದ ಎತ್ತುವದು. ತಿಕೋಟಾದ ದ್ರಾಕ್ಷಿಯ ಬಳ್ಳಿಗೆ ಹನಿ ಹನಿಯಾಗಿ ನೀರುಣಿಸುವದೂ ವಿದ್ಯುತ್ತೇ. ಬೇಸಿಗೆಯಲ್ಲಿ ನೀರಿನ ಪಂಪಿಗೆ ವಿದ್ಯುತ್ತು ಹೆಚ್ಚು ಬೇಕಾದ ಕಾಲದಲ್ಲಿಯೇ ಪಟ್ಟಣದ ತಂಪುಯಂತ್ರಗಳೂ ಬಾಯ್ದೆರೆಯುತ್ತವೆ. 2023ರ ಬರಗಾಲದಲ್ಲಿ ವಿದ್ಯುತ್ತಿನ ಕೊರತೆ ಬಿದ್ದಾಗ ಪಂಪುಗಳ ತಾಸುಗಳಿಗೆ ಕತ್ತರಿ ಬಿದ್ದುದನ್ನು ರೈತರು ಮರೆತಿಲ್ಲ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ ನಿಜ. ಆದರೆ ಅಲ್ಲಿ ಹುಟ್ಟುವ ಒಂದೊಂದು ಯೂನಿಟಿಗೂ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಉರಿಯಬೇಕು, ಅದರ ಬೂದಿಯೂ ಹೊಗೆಯೂ ಈ ಜಿಲ್ಲೆಯಲ್ಲಿಯೇ ಇಳಿಯಬೇಕು. ಪರದೆ ಎಳೆದ ಗಾಜಿನ ಹಿಂದೆ ಹಗಲು ದೀಪ ಹಚ್ಚಿ ಕೂಡುವವರು ಇದನ್ನು ನೆನೆಯಬೇಡವೆ?

ಮಾಡಬೇಕಾದುದೇನು?

ಮಹಾನಗರ ಪಾಲಿಕೆಯವರಲ್ಲಿ ನಮ್ಮ ಮೊದಲ ಬಿನ್ನಹ. ನೂರಾರು ಪುಟದ ಸಂಹಿತೆಯನ್ನು ನೋಡಿ ಅಂಜಬೇಕಾಗಿಲ್ಲ. ನಕ್ಷೆ ಮಂಜೂರಾತಿಗೆ ಬಂದಾಗ ನಾಲ್ಕು ಅಂಕಿಗಳನ್ನು ಕೇಳಿರಿ: ಗೋಡೆಯ ಯು-ಮೌಲ್ಯವೆಷ್ಟು, ಮೇಲ್ಛಾವಣಿಯದೆಷ್ಟು, ಯಾವ ದಿಕ್ಕಿಗೆ ಎಷ್ಟು ಗಾಜು, ಆ ಗಾಜು ನೂರಕ್ಕೆ ಎಷ್ಟು ಬಿಸಿಲನ್ನು ಒಳಗೆ ಬಿಡುತ್ತದೆ. ಕಟ್ಟಡ ಮುಗಿದ ಮೇಲೆ ಪೂರ್ಣತೆಯ ಪ್ರಮಾಣಪತ್ರ ಕೊಡುವ ಮುಂಚೆ, ಕಾಗದದಲ್ಲಿ ಬರೆದುದು ಗೋಡೆಯಲ್ಲಿ ಇದೆಯೋ ಇಲ್ಲವೋ ನೋಡಿರಿ. ರೋಧಕ ಪದರವು ಗಿಲಾಯಿಯ ಕೆಳಗೆ ಮುಚ್ಚಿಹೋಗುವ ವಸ್ತುವಾದುದರಿಂದ ಕೆಲಸ ನಡೆದಾಗಲೇ ಒಮ್ಮೆ ಹೋಗಿ ನೋಡುವದು ಇನ್ನೂ ಲೇಸು. ತಜ್ಞರ ಕೊರತೆಯೆಂಬ ನೆವವನ್ನು ನಾವು ಒಪ್ಪಲಾರೆವು. ಫ.ಗು. ಹಳಕಟ್ಟಿಯವರ ಹೆಸರು ಹೊತ್ತ ಇಂಜಿನಿಯರಿಂಗ್ ಕಾಲೇಜು ಇದೇ ಊರಲ್ಲಿದೆ. ಅದರ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಅಳತೆಯ ಕೆಲಸಕ್ಕೆ ಕರೆದರೆ ಅವರಿಗೆ ಪಾಠವೂ ಆಯಿತು, ಊರಿಗೆ ಉಪಕಾರವೂ ಆಯಿತು.

ಎರಡನೆಯ ಬಿನ್ನಹ ಸರಕಾರಕ್ಕೆ. ತಿಕೋಟಾ, ಬಬಲೇಶ್ವರಗಳು ಈಗ ತಾಲೂಕು ಸ್ಥಾನಗಳಾಗಿವೆ. ತಾಲೂಕೆಂದ ಮೇಲೆ ಕಚೇರಿ, ಆಸ್ಪತ್ರೆ, ವಸತಿಗೃಹಗಳು ಏಳಲೇಬೇಕು. ಅವು ನೂರು ಕಿಲೋವ್ಯಾಟಿನ ಮಿತಿಯೊಳಗೆ ಬರಲಿ ಬಾರದಿರಲಿ, ಸಂಹಿತೆಯಂತೆಯೇ ಕಟ್ಟಲ್ಪಡಬೇಕು. ಸರಕಾರದ ಕಟ್ಟಡದಲ್ಲಿ ಕಟ್ಟುವವನೂ ಬಿಲ್ಲು ತೆರುವವನೂ ಒಬ್ಬನೇ—ಅಂದರೆ ತೆರಿಗೆ ಕೊಡುವ ಪ್ರಜೆ. ಸ್ಥಳೀಯ ಹವೆಗೆ ತಕ್ಕಂತೆ ಸಂಹಿತೆಯನ್ನು ತಿದ್ದುವ ಅಧಿಕಾರವನ್ನು ಕಾಯಿದೆಯು ರಾಜ್ಯಕ್ಕೆ ಕೊಟ್ಟಿದೆ. ಬೆಂಗಳೂರಿನ ತಂಪಿನಲ್ಲಿ ಕುಳಿತು ಮಾಡಿದ ಮಿತಿಯೇ ವಿಜಯಪುರಕ್ಕೂ ಸಾಕೆಂದು ತಿಳಿಯದೆ, ಬಿಸಿನಾಡಿನ ಜಿಲ್ಲೆಗಳಿಗಾದರೂ ಮಿತಿಯನ್ನು ಇಳಿಸುವ ವಿಚಾರವನ್ನು ಸರಕಾರ ಮಾಡಲಿ.

ಕೊನೆಯ ಮಾತು ನಮ್ಮ ವಾಚಕರಿಗೆ. ಖರ್ಚು ಹೆಚ್ಚಾಗುವದೆಂಬ ಆಕ್ಷೇಪ ನಮಗೆ ಗೊತ್ತು. ಒಳ್ಳೆಯ ಹೊರಮೈಗೆ ಖರ್ಚು ಒಂದು ಸಲ. ಕೆಟ್ಟ ಹೊರಮೈಗೆ ಖರ್ಚು ಪ್ರತಿ ತಿಂಗಳು, ಕಟ್ಟಡ ಬೀಳುವ ತನಕ. ಮನೆ ಕೊಳ್ಳಲು ಹೋದಾಗ ನೀವು ವಾಸ್ತು ಕೇಳುತ್ತೀರಿ, ನೀರು ಕೇಳುತ್ತೀರಿ, ನೆರೆಹೊರೆ ಕೇಳುತ್ತೀರಿ. ಅದರೊಡನೆ ಪಶ್ಚಿಮದ ಗೋಡೆ ಯಾವುದರದು, ಸ್ಲ್ಯಾಬಿನ ಮೇಲೆ ಏನು ಹಾಸಿದ್ದೀರಿ, ಸಂಹಿತೆಯ ಪ್ರಕಾರ ಕಟ್ಟಿದ್ದಕ್ಕೆ ಕಾಗದವಿದೆಯೇ ಎಂದು ಮೂರು ಪ್ರಶ್ನೆಗಳನ್ನು ಕೇಳಿರಿ. ನೂರು ಜನ ಗಿರಾಕಿಗಳು ಕೇಳತೊಡಗಿದರೆ ಮಾರುವವರು ತಾವಾಗಿಯೇ ಉತ್ತರ ಸಿದ್ಧಪಡಿಸಿಕೊಳ್ಳುವರು. ನಮ್ಮ ಊರು ಇನ್ನೂ ಪೂರ್ತಿ ಎತ್ತರಕ್ಕೆ ಏರಿಲ್ಲ. ತಿದ್ದಿಕೊಳ್ಳಲು ಇದೇ ಹೊತ್ತು. ಇನ್ನು ನಮ್ಮ ಪತ್ರಿಕೆಯ ಮಟ್ಟಿಗೆ ಹೇಳುವದಾದರೆ, ಅದನ್ನು ಜನ ಓದಲೆಂದು ಅಚ್ಚು ಹಾಕುತ್ತೇವೆ. ಗಾಜಿಗೆ ಅಂಟಿಸುವ ಪ್ರಸಂಗ ಬರುವ ಬೇಸಿಗೆಗೆ ಇಲ್ಲದಿದ್ದರೆ ಅದಕ್ಕಿಂತ ಹೆಚ್ಚಿನ ಸಂತೋಷ ನಮಗಿಲ್ಲ.